ಮೇಲಿನ ಮನೆಯ ಬಿಸಿನೀರು

ನವೆಂಬರ್ 4, ಬೆಳಿಗ್ಗೆ 6.50

ತಾರಸಿಗೆ ಹೋಗಿ ಮೀಟರ್ ನೋಡಿ ಬಂದೆ. ನಿನ್ನೆ ಇಡೀ ದಿನಕ್ಕೆ ನಮ್ಮದು 61 ಲೀಟರ್, ಮೇಲಿನ ಮನೆಯದು 38. ಸರಿಯಾಗಿದೆ. ಕೆಳಗೆ ನಾವು ಗಂಡ ಹೆಂಡತಿ, ಮೇಲೆ ತಂಗಿ ಒಬ್ಬಳು. ಕೂಡಿಸಿದರೆ ಕೂಡುತ್ತದೆ.

ಕೆಲಸ ಮುಗಿದು ಐದು ದಿನ. ಎರಡು ಹಳೆಯ ಗೀಸರ್ ಗುಜರಿಗೆ ಹೋದವು. ಈಗ ಎರಡೂ ಮನೆಗೆ ಸೇರಿ ತಾರಸಿಯ ಮೇಲೆ ಒಂದೇ ಸೋಲಾರ್. ಅಲ್ಲಿಂದ ಇಳಿಯುವ ಹೊಸ ಪೈಪುಗಳು, ಬಿಸಿ ಆರದಂತೆ ಕರಿ ಫೋಮ್ ಹೊದ್ದುಕೊಂಡಿವೆ. ನಲ್ಲಿಗಳ ಮೂತಿಗೆ ಜಾಲರಿ. ಕಮೋಡಿಗೆ ಎರಡು ಗುಂಡಿಯ ಫ್ಲಶ್. ಗೋಡೆಯ ಷವರ್ ಹೋಗಿ ಹ್ಯಾಂಡ್ ಷವರ್ ಬಂತು — ಹೆಬ್ಬೆರಳಿನ ಕೆಳಗೆ ಗುಂಡಿ, ಒತ್ತಿದರೆ ನೀರು, ಬಿಟ್ಟರೆ ಬಂದ್. ತಣ್ಣೀರಿಗೆ ಮಾತ್ರ ಎರಡೂ ಮನೆಗೆ ಸೇರಿ ಒಂದೇ ಪೈಪು, ಅಪ್ಪ ಮನೆ ಕಟ್ಟಿಸಿದ ಕಾಲದ್ದು. "ಅದನ್ನೂ ತೆಗೆಸಿಬಿಡಿ ಸಾರ್, ಒಳಗೆ ಸುಣ್ಣ ಕಟ್ಕೊಂಡು ಕಡ್ಡಿ ತೂರಲ್ಲ" ಅಂದ ಪ್ಲಂಬರ್. ಬೇಡ ಅಂದೆ. ಕೆಲಸ ಬೆಳೆಸುವವರನ್ನು ಮೂವತ್ತೈದು ವರ್ಷ ನೋಡಿದ್ದೇನೆ.

ಎರಡು ಬಿಸಿನೀರಿನ ಪೈಪಿಗೂ ಒಂದೊಂದು ಮೀಟರ್ ಹಾಕಿಸಿದ್ದು ನನ್ನ ಹಟ. "ನಮ್ಮನಮ್ಮಲ್ಲೇ ಮೀಟರ್ ಯಾಕಣ್ಣಾ?" ಅಂದಳು ತಂಗಿ. ಅಳತೆ ಅಂದರೆ ಅಪನಂಬಿಕೆ ಅಲ್ಲ ಅಂದೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು ಬೇರೆ ಏನು ಹೇಳಲಿ? ಅವಳು ನಕ್ಕು ಮೇಲೆ ಹೋದಳು.

ನವೆಂಬರ್ 6, ಬೆಳಿಗ್ಗೆ 7.15

ಇಂದು ಒಂದು ಉಪಾಯ ಹೊಳೆಯಿತು. ಪ್ಲಂಬರ್‌ಗೂ ಹೊಳೆಯದ್ದು.

ಸ್ನಾನದ ಮೊದಲು ಬಿಸಿ ತಿರುಪು ಅಷ್ಟು, ತಣ್ಣೀರು ತಿರುಪು ಇಷ್ಟು ಅಂತ ಹದ ಹುಡುಕುವುದರಲ್ಲೇ ಎರಡು ಮಗ್ ನೀರು ವ್ಯರ್ಥ. ದಿನಾ ಹುಡುಕುವುದು ಯಾಕೆ? ಒಮ್ಮೆ ಹದ ಮಾಡಿ, ಎರಡೂ ತಿರುಪಿನ ಮೇಲೂ ಗೋಡೆಯ ಮೇಲೂ ಕೆಂಪು ಪೇಂಟಿನಲ್ಲಿ ಗೆರೆ ಎಳೆದೆ. ತಿರುಪುಗಳು ಹಾಗೇ ತೆರೆದಿರಲಿ. ಷವರಿನ ಗುಂಡಿ ಒತ್ತಿದರೆ ಮೊದಲ ಹನಿಯೇ ಹದ. ಬಿಟ್ಟರೆ ಬಂದ್. ತೊಟ್ಟು ನೀರು ಹಾಳಿಲ್ಲ.

ಹೆಂಡತಿಗೆ ತೋರಿಸಿದೆ. "ಸ್ನಾನಕ್ಕೂ ಸ್ಕೇಲ್ ಇಟ್ರಾ?" ಅಂದಳು. ಗೆರೆ ಅಳಿಸಬೇಡ, ತಿರುಪು ಮುಟ್ಟಬೇಡ ಅಂತ ಕಟ್ಟಪ್ಪಣೆ ಮಾಡಿದ್ದೇನೆ.

ನವೆಂಬರ್ 9, ಬೆಳಿಗ್ಗೆ 6.45

ನಮ್ಮದು 148. ಮೇಲಿನದು 35.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. 148. ನಿನ್ನೆ ನಾವಿಬ್ಬರು ಮಾಡಿದ್ದು ಒಂದೊಂದು ಸ್ನಾನ. ಉಳಿದದ್ದನ್ನು ಕುಡಿದವರು ಯಾರು?

ನವೆಂಬರ್ 10

ನಮ್ಮದು 155. ಮೇಲಿನದು 31. ನಮ್ಮದು ಏರುತ್ತಿದೆ, ಅವಳದು ಇಳಿಯುತ್ತಿದೆ. ಈ ತರಹದ ತಕ್ಕಡಿ ನಾನು ಕಂಡಿಲ್ಲವೇ?

ಆರೂವರೆಗೆ ಸ್ನಾನಕ್ಕೆ ಹೋದ ಹೆಂಡತಿ ಒಳಗಿನಿಂದಲೇ ಕೂಗಿದಳು. "ರೀ, ಇದು ಬಿಸಿನೀರಾ? ಅಳೋ ಮಗೂನ ಕಣ್ಣೀರು ಇದಕ್ಕಿಂತ ಬೆಚ್ಚಗಿರುತ್ತೆ!"

ಮೂರು ದಿನದಿಂದ ಬಿಸಿಲಿಗೆ ಕೊರತೆಯಿಲ್ಲ. ಟ್ಯಾಂಕು ಸಂಜೆ ಕೈ ಸುಡುತ್ತದೆ. ಬೆಳಗಾಗುವಾಗ ಬಿಸಿಯೇ ಇಲ್ಲ. ಎಲ್ಲಿಗೋ ಹೋಗುತ್ತಿದೆ.

ನವೆಂಬರ್ 12, ಮಧ್ಯಾಹ್ನ 3

ಕುಳಿತು ಯೋಚಿಸಿದೆ. ಮೀಟರ್ ಸುಳ್ಳು ಹೇಳಬಹುದು — ಅದನ್ನು ಬಕೆಟ್ ಹಿಡಿದು ಪರೀಕ್ಷಿಸಿದೆ, ಹತ್ತು ಲೀಟರಿಗೆ ಹತ್ತೇ ತೋರಿಸಿತು. ಪೈಪು ಸೋರಬಹುದು — ಗೋಡೆ, ಮೂಲೆ, ಫೋಮ್ ಎಲ್ಲ ಕೈಯಿಂದ ಸವರಿದೆ, ಒಣ ಒಣ. ಉಳಿದದ್ದು ಒಂದೇ. ನಮ್ಮ ಮೀಟರ್ ದಾಟಿದ ಮೇಲೆ ನಮ್ಮ ಪೈಪಿನಿಂದ ಯಾರೋ ಕವಲು ತೆಗೆದಿದ್ದಾರೆ.

ಯಾರೋ ಅಂದರೆ? ಈ ಕಟ್ಟಡದಲ್ಲಿ ಇರುವುದು ಎರಡೇ ಮನೆ.

ತಂಗಿ ಹಾಗೆ ಮಾಡುವವಳಲ್ಲ ಅಂತ ಒಂದು ಮನಸ್ಸು. ಆದರೆ ಸೋದರಮಾವನೂ ಹಾಗೆ ಮಾಡುವವನಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಅವನ ಅಂಗಡಿಯ ತಕ್ಕಡಿಯ ತಟ್ಟೆ ಎತ್ತಿದಾಗ ಅಡಿಯಲ್ಲಿ ಅಯಸ್ಕಾಂತ. ಕೇಸ್ ಹಾಕಿದವನು ನಾನೇ. ಅಮ್ಮ ಎರಡು ವರ್ಷ ನನ್ನೊಡನೆ ಮಾತಾಡಲಿಲ್ಲ, ಆ ಕಡೆಯವರು ಇವತ್ತಿಗೂ ನಮ್ಮ ಮನೆ ಮೆಟ್ಟಿಲು ಹತ್ತುವುದಿಲ್ಲ. ತಪ್ಪು ನನ್ನದೇ? ಅಯಸ್ಕಾಂತ ಇತ್ತಲ್ಲ!

ನವೆಂಬರ್ 14, ಸಂಜೆ 5.30

ಮೆಟ್ಟಿಲ ಬಳಿ ತಂಗಿ ಸಿಕ್ಕಳು. ಕತ್ತಿಗೆ ಟೇಪು, ಸೆರಗಿಗೆ ಸೂಜಿ. ಆಸ್ಪತ್ರೆಯ ನರ್ಸುಗಳ ಯೂನಿಫಾರ್ಮ್ ಹೊಲಿಯುತ್ತಿದ್ದಾಳೆ, ದೊಡ್ಡ ಆರ್ಡರ್. ಗಂಡ ತೀರಿಹೋದ ಮೇಲೆ ಒಂಬತ್ತು ವರ್ಷದಿಂದ ಆ ಮೆಷಿನ್ನೇ ಅವಳ ಅನ್ನ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಶುರು ಮಾಡಿದಳು.

"ಅಣ್ಣಾ, ನಿನ್ನ ಸೋಲಾರ್‌ಗೆ ತಲೆ ಕೆಟ್ಟಿದೆ. ಬೆಳಿಗ್ಗೆ ಬಿಸಿ ನಲ್ಲೀಲಿ ತಣ್ಣೀರು ಬರುತ್ತೆ. ಸಂಜೆ ಕಮೋಡಿನ ಫ್ಲಶ್ಶಲ್ಲಿ ಬಿಸಿನೀರು!"

"ಫ್ಲಶ್ಶಲ್ಲಾ?"

"ಹೂಂ ಅಣ್ಣಾ. ಮುಚ್ಚಳ ತೆಗೆದು ಕೈ ಇಟ್ಟು ನೋಡ್ದೆ. ಹಬೆ ಬರೋದೊಂದು ಬಾಕಿ. ಮಹಾರಾಣಿಗೂ ಇರಲಿಲ್ಲ ಈ ವೈಭೋಗ."

ನಗುತ್ತಾ ಹೋದಳು. ನಾನು ನಗಲಿಲ್ಲ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಳಲ್ಲ! ಅಳತೆ ಕಡಿಮೆ ಮಾಡಿದ ಅಂಗಡಿಯವನೇ ಮೊದಲು ಕಂಪ್ಲೇಂಟ್ ಕೊಡುವುದು. ಎಷ್ಟು ನೋಡಿಲ್ಲ.

ನವೆಂಬರ್ 15, ಬೆಳಿಗ್ಗೆ 11

ಪ್ಲಂಬರ್ ಬಂದಿದ್ದ. ನನಗೆ ಹೇಳದೆ, ನೇರ ಮೇಲೆ. ಅವನಿಗೆ ನನ್ನ ಹೆಂಡತಿ ಇಟ್ಟ ಹೆಸರು 'ಆಗತ್ತೆಬಿಡಿ'. ಏನು ಕೇಳಿದರೂ ಅದೇ ಉತ್ತರ. ಸೋರುತ್ತಾ? ಆಗತ್ತೆ ಬಿಡಿ. ನಾಳೆ ಬರ್ತೀಯಾ? ಆಗತ್ತೆ ಬಿಡಿ. 

ನಲವತ್ತು ನಿಮಿಷ ಮೇಲಿದ್ದ. ಕಾಫಿ ಲೋಟದ ಸದ್ದು ಕೇಳಿಸಿತು. ಇಳಿದು ಬಂದವನು ಹಾಲು ಕುಡಿದ ಬೆಕ್ಕಿನ ಹಾಗೆ ನಿಂತ.

"ಸಾರ್, ನಿಮ್ಮ ಬಾತ್‌ರೂಮು ಒಂದ್ಸಲ ನೋಡ್ಬೇಕಲ್ಲ."

"ಯಾಕೆ?"

"ಅಕ್ಕಾವ್ರ ಫ್ಲಶ್ಶಲ್ಲಿ ಬಿಸಿ ಬರ್ತಿದೆ. ಅದು ಅಲ್ಲಿಂದ ಬರೋದಲ್ಲ."

ಅವಳ ಮನೆಯ ರೋಗಕ್ಕೆ ನನ್ನ ಮನೆಯಲ್ಲಿ ಮದ್ದು! ಕವಲು ತೆಗೆದವನೇ ಇವನು. ಈಗ ಗುರುತು ಅಳಿಸಲು ಬಂದಿದ್ದಾನೆ. ನಮ್ಮದು ಸರಿಯಾಗಿದೆ, ಹೋಗು ಅಂದೆ. "ಆಗತ್ತೆ ಬಿಡಿ" ಅಂತ ಹೋದ. ಹೋಗುವಾಗ ಗೇಟಿನ ಬಳಿ ನನ್ನ ಹೆಂಡತಿಯ ಹತ್ತಿರ ಏನೋ ಹೇಳಿದ. ಕೈಯಲ್ಲಿ ಎರಡು ತಿರುಪು ತಿರುಗಿಸುವ ಹಾಗೆ ಸನ್ನೆ ಬೇರೆ. ಅವಳನ್ನು ಕೇಳಿದರೆ "ನಿಮಗ್ಯಾಕೆ, ಹೇಳಿದ್ರೆ ಕೇಳ್ತೀರಾ?" ಅಂದಳು.

ಇವಳೂ ಸೇರಿಕೊಂಡಳೇ?

ನವೆಂಬರ್ 18, ಮಧ್ಯಾಹ್ನ 1.30

ಇಂದು ಪರೀಕ್ಷೆ. ಹೆಂಡತಿ ಹತ್ತು ಗಂಟೆಗೆ ದಂತವೈದ್ಯರ ಹತ್ತಿರ ಹೋದಳು. ನಮ್ಮ ಮನೆಯಲ್ಲಿ ನಾನೊಬ್ಬನೇ, ನಲ್ಲಿ ಮುಟ್ಟಲಿಲ್ಲ. ಬಾಗಿಲು ಹಾಕಿ, ತಾರಸಿಗೆ ಹೋಗಿ, ಖಾಲಿ ಪೇಂಟ್ ಡಬ್ಬ ಬೋರಲು ಹಾಕಿ ಮೀಟರ್ ಎದುರಿಗೆ ಕುಳಿತೆ.

ಕೆಳಗೆ ತಂಗಿಯ ಹೊಲಿಗೆ ಮೆಷಿನ್ ಓಡುತ್ತಿತ್ತು. ನಮ್ಮ ಮೀಟರ್ ಅಲ್ಲಾಡಲಿಲ್ಲ. 10.42ಕ್ಕೆ ಮೆಷಿನ್ ನಿಂತಿತು. ಕುರ್ಚಿ ಸರಿದ ಸದ್ದು. ಒಂದು ನಿಮಿಷ ಕಳೆಯಿತೋ ಇಲ್ಲವೋ — ನಮ್ಮ ಮೀಟರಿನ ಚಕ್ರ ಗಿರ್ ಅಂತ ತಿರುಗಿತು! ಅವಳ ಮೀಟರ್ ಮಾತ್ರ ಕಲ್ಲಿನ ಹಾಗೆ. 10.50ಕ್ಕೆ ಮತ್ತೆ ಮೆಷಿನ್ ಸದ್ದು. ಚಕ್ರ ನಿಂತೇ ಇದೆ. 11.20ಕ್ಕೆ ಹೊಲಿದ ಬಟ್ಟೆಯ ಗಂಟು ಹೊತ್ತು ಹೊರಗೆ ಹೋದಳು. ಅಲ್ಲಿಂದ ಒಂದು ಗಂಟೆ ಕುಳಿತೆ. ಒಂದು ಹಲ್ಲೂ ತಿರುಗಲಿಲ್ಲ.

ಅವಳು ಮನೆಯಲ್ಲಿದ್ದರೆ, ಮೆಷಿನ್ ಬಿಟ್ಟೆದ್ದರೆ, ನಮ್ಮ ಬಿಸಿನೀರು ಹೋಗುತ್ತದೆ. ಅವಳಿಲ್ಲದಿದ್ದರೆ ಹೋಗುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಸಿಕ್ಕಿಬಿದ್ದಳು ಅಂತ ಸಂತೋಷವಾಗಬೇಕಿತ್ತು. ಹಿಂದೆಲ್ಲ ಆಗುತ್ತಿತ್ತು. ಇಂದು ಊಟ ಸೇರಲಿಲ್ಲ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಕೈ ಹಿಡಿದು ಶಾಲೆಗೆ ಕರೆದೊಯ್ದವನು ನಾನು.

ನವೆಂಬರ್ 19

ಹೆಂಡತಿಗೆ ಎಲ್ಲ ಹೇಳಿದೆ. ಗಂಟೆ, ನಿಮಿಷ ಸಮೇತ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ —

"ಅವಳು ಎದ್ದು ಟಾಯ್ಲೆಟ್‌ಗೆ ಹೋಗಿರ್ತಾಳೆ ಕಣ್ರೀ. ಅದನ್ನೂ ಬರ್ಕೊಂಡು ಕೂತ್ರಾ?"

"ಟಾಯ್ಲೆಟ್‌ಗೆ ಬಿಸಿನೀರು ಯಾಕೆ ಹೋಗುತ್ತೆ?"

"ಅದನ್ನೇ ಅವಳೂ ಕೇಳಿದ್ದು! ಪ್ಲಂಬರೂ ಹೇಳಿದ್ದು! ನಮ್ಮ ವಾಶ್‌ಬೇಸಿನ್‌ನಲ್ಲೂ ತಣ್ಣೀರು ಬೆಚ್ಚಗಿದೆ, ನೋಡಿದ್ರಾ?"

ಬಿಸಿಲಿಗೆ ಪೈಪು ಕಾದಿರುತ್ತದೆ ಅಂದೆ. ಹಣೆ ಚಚ್ಚಿಕೊಂಡಳು.

"ತನ್ನ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ತಟ್ಟೆ ನೊಣ ಹುಡುಕಿದ್ರಂತೆ. ನಿಮ್ಮ ಕಡೆಯಿಂದ ಈ ಮನೆ ಬಾಗಿಲು ತಟ್ಟೋರು ಅಂತ ಉಳಿದಿರೋದು ಅವಳೊಬ್ಬಳೇ. ಅವಳನ್ನೂ ಕಳ್ಕೋಬೇಡಿ."

ಕಳೆದುಕೊಳ್ಳುವುದು ನಾನೋ, ಕದಿಯುವವಳೋ? ಬಾಯಿಗೆ ಬಂತು. ನುಂಗಿಕೊಂಡೆ.

ನವೆಂಬರ್ 22, ಬೆಳಿಗ್ಗೆ 10

ಮೇಲಿನ ಮನೆಯ ಬಿಸಿನೀರಿನ ವಾಲ್ವ್ ಮುಚ್ಚಿದೆ. ತಂತಿ ಸುತ್ತಿ, ಮೇಲೆ 'ತನಿಖೆ ಮುಗಿಯುವವರೆಗೆ ಬಂದ್' ಅಂತ ಕಾಗದದ ಚೀಟಿ ಅಂಟಿಸಿ, ದಿನಾಂಕ ಹಾಕಿ ಸಹಿ ಮಾಡಿದೆ. ಅಂಗಡಿ ತಕ್ಕಡಿಗೆ ಸೀಲ್ ಹಾಕುತ್ತಿದ್ದ ಹಾಗೆಯೇ. ಕೈ ಮರೆತಿಲ್ಲ.

ಒಂಬತ್ತಕ್ಕೆ ತಂಗಿ ಬಟ್ಟೆ ಒಣಹಾಕಲು ತಾರಸಿಗೆ ಬಂದಳು. ಚೀಟಿ ಓದಿದಳು. ಬಗ್ಗಿ ಸಹಿ ನೋಡಿದಳು. ಜಗಳ ಮಾಡುತ್ತಾಳೆ ಅಂತ ಉತ್ತರ ಸಿದ್ಧ ಮಾಡಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ. ನನ್ನ ಪಕ್ಕದಲ್ಲೇ ಇಳಿದು ಹೋದಳು. ಬಕೆಟ್ಟಿನಲ್ಲಿ ಅರ್ಧ ಬಟ್ಟೆ ಹಾಗೇ ಇತ್ತು.

ನವೆಂಬರ್ 24

ನಮ್ಮದು 139. ಅವಳದು ಸೊನ್ನೆ.

ವಾಲ್ವ್ ಮುಚ್ಚಿದೆ, ತಂತಿ ಇದೆ, ಚೀಟಿ ಹರಿದಿಲ್ಲ. ಆದರೂ ನಮ್ಮ ಚಕ್ರ ತಿರುಗುತ್ತಿದೆ. ಅಂದರೆ ಕವಲು ಗೋಡೆಯೊಳಗೇ ಇದೆ. ಎಂಥ ಕೆಲಸಗಾರ!

ನವೆಂಬರ್ 25, ಮಧ್ಯಾಹ್ನ

ಪ್ಲಂಬರನ್ನು ಕರೆಸಿ ನೇರ ಕೇಳಿದೆ. ಕವಲು ಎಲ್ಲಿ ತೆಗೆದೆ?

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಕೆಂಪಾಯಿತು.

"ಸಾರ್, ಒಂದೇ ಒಂದ್ಸಲ ನಿಮ್ಮ ಬಾತ್‌ರೂಮಿಗೆ ಬಿಡಿ. ಎರಡು ನಿಮಿಷ. ಆಮೇಲೆ ಬೈರಿ."

"ಗೋಡೆ ಒಡೆದು ಕವಲು ತೋರಿಸ್ತೀಯಾ? ಅದಾದ್ರೆ ಬಾ."

"ಇಲ್ದೇ ಇರೋದನ್ನ ಎಲ್ಲಿಂದ ತೋರಿಸ್ಲಿ? ಇಪ್ಪತ್ತಾರು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಕಳ್ಳ ಅನ್ನಿಸ್ಕೊಂಡಿಲ್ಲ. ಇನ್ನು ನಿಮ್ಮ ಮನೆ ಕೆಲಸ ಆಗಲ್ಲ."

ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಅವನ ಬಾಯಲ್ಲಿ 'ಆಗಲ್ಲ' ಅನ್ನುವ ಮಾತು ಮೊದಲ ಸಲ ಕೇಳಿದ್ದು. ಒಂದು ಕ್ಷಣ ಅಳುಕಾಯಿತು. ಸುಳ್ಳುಗಾರರೂ ಹೀಗೇ ಚೀಲ ಹಾಕಿಕೊಂಡು ಹೋಗುತ್ತಾರೆ ಅಂತ ಸಮಾಧಾನ ಮಾಡಿಕೊಂಡೆ.

ನವೆಂಬರ್ 27, ಬೆಳಿಗ್ಗೆ 9.30

ಚಳಿ ಬಿದ್ದಿದೆ. ಹೆಂಡತಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಬಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಎಲ್ಲಿಗೆ ಅಂದೆ.

"ನಿಮ್ಮ ತಂಗಿ ಕೈಗೆ."

"ಕೈಗೇನಾಗಿದೆ?"

ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ನನ್ನನ್ನೇ ನೋಡಿದಳು. ಎರಡು ವರ್ಷವಾಯಿತಂತೆ. ಚಳಿಗಾಲದಲ್ಲಿ ಬೆಳಿಗ್ಗೆ ಎದ್ದಾಗ ಬೆರಳುಗಳು ಮಡಚುವುದಿಲ್ಲ, ಗಿಣ್ಣು ಊದಿಕೊಂಡಿರುತ್ತದೆ. ಕಾಲು ಗಂಟೆ ಬಿಸಿನೀರಿನಲ್ಲಿ ಅದ್ದಿಟ್ಟ ಮೇಲೆಯೇ ಕತ್ತರಿ ಹಿಡಿಯಲು ಬರುವುದು. ವಾಲ್ವ್ ಮುಚ್ಚಿದ ದಿನದಿಂದ ಒಲೆಯ ಮೇಲೆ ಕಾಯಿಸಿಕೊಳ್ಳುತ್ತಿದ್ದಳು. ನಿನ್ನೆ ಆ ಬೆರಳುಗಳಲ್ಲಿ ಪಾತ್ರೆ ಹಿಡಿತ ತಪ್ಪಿ ಪಾದದ ಮೇಲೆ ಬಿಸಿನೀರು ಬಿದ್ದಿದೆ. ಬೊಬ್ಬೆ ಎದ್ದಿದೆ. ಮೆಷಿನ್ ತುಳಿಯಲು ಆಗುತ್ತಿಲ್ಲ. ಆರ್ಡರ್ ನಿಂತಿದೆ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಡಾಕ್ಟರ್ ಚೀಟಿ ತೋರ್ಸು ಅಂತಿದ್ರಿ."

ಪಾತ್ರೆ ಎತ್ತಿಕೊಂಡು ಹೋದಳು. ನಾನು ತಾರಸಿಗೆ ಹೋಗಿ ತಂತಿ ಬಿಚ್ಚಿ ವಾಲ್ವ್ ತೆರೆದೆ. ಬೇಕಾದಷ್ಟು ಕದಿಯಲಿ ಅನ್ನಿಸಿತು. ಆದರೂ ಕದಿಯಲಿ ಅಂತಲೇ ಅನ್ನಿಸಿತು ನೋಡಿ, ಕೇಳಿದ್ದರೆ ಕೊಡುತ್ತಿದ್ದೆನಲ್ಲ ಅಂತ ಸಿಟ್ಟೂ ಬಂತು.

ನವೆಂಬರ್ 28, ಸಂಜೆ 6

ತಂಗಿ ಕುಂಟುತ್ತಾ ಇಳಿದು ಬಂದಳು. ಕೂರಲಿಲ್ಲ. ನನ್ನನ್ನು ನೋಡದೆ ಹೆಂಡತಿಗೇ ಹೇಳಿದಳು.

"ಅತ್ತಿಗೆ, ಬಟ್ಟೆ ಅಂಗಡಿ ಹಿಂದೆ ಎರಡು ರೂಮಿನ ಮನೆ ನೋಡಿದೀನಿ. ಶನಿವಾರ ಗಾಡಿ ಬರುತ್ತೆ."

"ಈ ಕಾಲಿಟ್ಕೊಂಡಾ?"

"ಕಾಲು ವಾಸಿಯಾಗತ್ತೆ ಅತ್ತಿಗೆ."

ನಾನು ಪೇಪರ್ ಹಿಡಿದುಕೊಂಡೇ ಇದ್ದೆ. ಒಂದಕ್ಷರ ಓದಲಿಲ್ಲ. ಶನಿವಾರಕ್ಕೆ ಎರಡೇ ದಿನ. ಅವಳು ಹೋಗುವುದು ನನಗೆ ಬೇಡ. ಇಷ್ಟು ಸ್ಪಷ್ಟವಾಗಿ ಇದೇ ಮೊದಲು ಬರೆಯುತ್ತಿದ್ದೇನೆ. ಆದರೆ ಮೀಟರ್? ಅದು ಯಾರ ಪಕ್ಷವನ್ನೂ ಹಿಡಿಯುವುದಿಲ್ಲವಲ್ಲ.

ನವೆಂಬರ್ 29, ಬೆಳಿಗ್ಗೆ 10.40

ಕ್ರಮವಾಗಿ ಬರೆಯುತ್ತೇನೆ.

ಒಂಬತ್ತೂವರೆಗೆ ತಾರಸಿಯಲ್ಲಿದ್ದೆ. ಮೀಟರ್ ಎದುರಿಗೆ, ಅದೇ ಡಬ್ಬದ ಮೇಲೆ. ತಂಗಿ ಸಾಮಾನು ಕಟ್ಟುವ ಮೊದಲು ಬಾತ್‌ರೂಮ್ ತೊಳೆಯುತ್ತಿದ್ದಳು. ಬಕೆಟ್ಟಿಗೆ ತಣ್ಣೀರು ಬೀಳುವ ಸದ್ದು. ನಮ್ಮ ಬಿಸಿನೀರಿನ ಮೀಟರ್ ಗಿರ್ರನೆ ತಿರುಗುತ್ತಿತ್ತು. ಇದೋ, ಈಗ ಹೋಗಿ ಕೈಯಾರೆ ಹಿಡಿಯುತ್ತೇನೆ ಅಂತ ಎದ್ದೆ.

ಚಕ್ರ ಗಕ್ಕನೆ ನಿಂತಿತು.

ಬಕೆಟ್ಟಿನ ಸದ್ದು ನಿಂತಿರಲಿಲ್ಲ. ನೀರು ಇನ್ನೂ ಬೀಳುತ್ತಲೇ ಇತ್ತು, ಸಣ್ಣಗೆ. ಕೆಳಗೆ ಬಗ್ಗಿ ಹೆಂಡತಿಯನ್ನು ಕೂಗಿದೆ. "ಏನು ಮಾಡ್ದೆ?"

ಅಂಗಳಕ್ಕೆ ಬಂದು ಕತ್ತೆತ್ತಿದಳು. "ನಿಮ್ಮ ಕೆಂಪು ಗೆರೆ ಇದೆಯಲ್ಲ, ಎರಡೂ ತಿರುಪು ಮುಚ್ಚಿದೆ. ಹದಿನೈದು ದಿನದಿಂದ ಆ ಪ್ಲಂಬರು ಹೇಳ್ತಿದ್ದಾನೆ. ನಿಮ್ಮ ಕಟ್ಟಪ್ಪಣೆ ಅಂತ ಸುಮ್ನಿದ್ದೆ. ನಾಳೆ ಅವಳು ಹೋಗ್ತಿದ್ದಾಳೆ, ಇನ್ನೆಂಥ ಅಪ್ಪಣೆ?"

ಮತ್ತೆ ತೆರೆ ಅಂದೆ. ತೆರೆದಳು. ಚಕ್ರ ತಿರುಗಿತು. ಮುಚ್ಚು ಅಂದೆ. ನಿಂತಿತು. ಆರು ಸಲ ಮಾಡಿಸಿದೆ. ಆರು ಸಲವೂ ಹಾಗೇ. ಆರನೆಯ ಸಲ ಅವಳು "ಸಾಕಾ, ಇಲ್ಲ ನೂರಕ್ಕೆ ಮುಟ್ಟಿಸ್ಲಾ?" ಅಂದಳು.

ಎರಡೂ ತಿರುಪು ತೆರೆದಿಟ್ಟು, ಷವರಿನ ತುದಿಯಲ್ಲಿ ಮಾತ್ರ ಬಂದ್ ಮಾಡಿದರೆ ಬಿಸಿ ಪೈಪೂ ತಣ್ಣೀರಿನ ಪೈಪೂ ಒಂದಾಗುತ್ತವೆ. ತಣ್ಣೀರಿನದು ಸುಣ್ಣ ಕಟ್ಟಿದ ಅಪ್ಪನ ಕಾಲದ ಪೈಪು, ಬಿಸಿಯದು ಹೊಸದು, ಸಲೀಸು. ಮೇಲೆ ಅವಳು ತಣ್ಣೀರು ತಿರುಗಿಸಿದರೆ, ಫ್ಲಶ್ ಒತ್ತಿದರೆ, ನೀರು ಸಲೀಸಾದ ದಾರಿ ಹಿಡಿಯುತ್ತದೆ: ಸೋಲಾರಿನಿಂದ ನಮ್ಮ ಮೀಟರ್ ದಾಟಿ, ನಮ್ಮ ಬಾತ್‌ರೂಮಿಗೆ ಇಳಿದು, ನಾನು ಗೆರೆ ಎಳೆದು ತೆರೆದಿಟ್ಟ ಎರಡು ತಿರುಪು ನುಸುಳಿ, ತಣ್ಣೀರಿನ ಪೈಪಿನಲ್ಲಿ ಮೇಲೆ ಹತ್ತಿ, ಅವಳ ಕಮೋಡಿಗೆ. ಸುಡುವ ಬಿಸಿನೀರು. ಅವಳು ಬೆಳಿಗ್ಗೆ ಕೈ ಅದ್ದಲು ಇಲ್ಲದ ಬಿಸಿನೀರು.

ಕವಲು ತೆಗೆದವನು ನಾನು. ನವೆಂಬರ್ ಆರನೇ ತಾರೀಖು, ಬೆಳಿಗ್ಗೆ ಏಳೂಕಾಲಿಗೆ. ಮೂರು ದಿನದಲ್ಲಿ ಮೀಟರ್ ಏರಿದೆ. ಮೂವತ್ತೈದು ವರ್ಷ ಊರವರ ತಕ್ಕಡಿ ತಿರುಗಿಸಿ ನೋಡಿದವನಿಗೆ ಹಿಂದಿನ ಪುಟ ತಿರುಗಿಸಿ ನೋಡಬೇಕು ಅನ್ನಿಸಲಿಲ್ಲ.

ನವೆಂಬರ್ 29, ಮಧ್ಯಾಹ್ನ 2

ಮೇಲೆ ಹೋದೆ. ತಂಗಿ ನೆಲದ ಮೇಲೆ ಕಾಲು ಚಾಚಿ ಕುಳಿತು ದಾರದ ಉಂಡೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಪಾದಕ್ಕೆ ಬಿಳಿ ಪಟ್ಟಿ. ಬೆರಳ ಗಿಣ್ಣುಗಳನ್ನು ಇವತ್ತು ನೋಡಿದೆ. ಒಂಬತ್ತು ವರ್ಷ ಮೇಲೆ ಕೆಳಗೆ ಇದ್ದೂ ನೋಡಿರಲಿಲ್ಲ.

ಎಲ್ಲ ಹೇಳಿದೆ. ಗೆರೆ, ತಿರುಪು, ಸುಣ್ಣ ಕಟ್ಟಿದ ಪೈಪು, ಚಕ್ರ ನಿಂತದ್ದು, ಆರು ಸಲ ಪರೀಕ್ಷೆ ಮಾಡಿದ್ದು. ತಪ್ಪು ನನ್ನದು ಅಂತಲೂ ಅಂದೆ. ಪ್ಲಂಬರ್ ಹತ್ತಿರವೂ ಹೋಗಿ ಹೇಳುತ್ತೇನೆ ಅಂದೆ. ಕೇಳಿದ ಮೇಲೆ ಅವಳು ನಗುತ್ತಾಳೆ, "ಅಯ್ಯೋ ಅಣ್ಣಾ" ಅನ್ನುತ್ತಾಳೆ, ಡಬ್ಬದಿಂದ ದಾರ ಹೊರಗೆ ತೆಗೆಯುತ್ತಾಳೆ ಅಂದುಕೊಂಡಿದ್ದೆ.

ದಾರ ಒಳಗೆ ಹಾಕುತ್ತಲೇ ಇದ್ದಳು.

"ಚಕ್ರ ನಿಂತಿದ್ದಕ್ಕೆ ನಂಬಿದೆ ಅಲ್ವಾ ಅಣ್ಣಾ?"

"ಹೂಂ."

"ನಿಲ್ಲದೇ ಇದ್ದಿದ್ರೆ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಗೊತ್ತಾಗುತ್ತಿತ್ತು.

"ನನ್ನ ಪರವಾಗಿ ಒಂದು ಪೈಪು ಬಂದು ಸಾಕ್ಷಿ ಹೇಳ್ಬೇಕಾಯ್ತು," ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾಳೆ ಎಂಟಕ್ಕೆ ಗಾಡಿ ಬರುತ್ತೆ. ಮೆಷಿನ್ ಇಳಿಸೋಕೆ ಒಂದು ಕೈ ಕೊಡು."

ನವೆಂಬರ್ 30

ಕೈ ಕೊಟ್ಟೆ. ಮೆಷಿನ್ ಭಾರ. ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ತಾಗಿ ಸುಣ್ಣ ಕಿತ್ತಿದೆ. ಗಾಡಿ ತಿರುಗುವವರೆಗೂ ಅವಳು ಹೆಂಡತಿಗೆ ಕೈ ಬೀಸಿದಳು.

ಡಿಸೆಂಬರ್ 5

ನಮ್ಮದು 57. ಮೇಲಿನದು 0.

ಟ್ಯಾಂಕು ತುಂಬ ಬಿಸಿನೀರು. ಮಿಕ್ಕು ಆರುತ್ತಿದೆ. ಎರಡು ಮನೆಗೆ ಅಂತ ಮಾಡಿಸಿದ್ದು.

ಡಿಸೆಂಬರ್ 8

ಕೆಂಪು ಗೆರೆ ಥಿನ್ನರ್ ಹಾಕಿ ಒರೆಸಿದೆ. ಗೋಡೆಯದ್ದು ಪೂರ್ತಿ ಹೋಗಲಿಲ್ಲ. ಆಮೇಲೆ ಪ್ಲಂಬರ್ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಹೇಳಿದೆ. ಅವನು ಕೇಳಿಸಿಕೊಂಡು, ಗಡ್ಡ ಕೆರೆದು, "ಹೋಗ್ಲಿ ಬಿಡಿ ಸಾರ್. ಎರಡೂ ತಿರುಪು ತೆರೆದಿಟ್ರೆ ಹಿಂಗಾಗತ್ತೆ ಅಂತ ಎಲ್ರಿಗೂ ಗೊತ್ತಿರಲ್ಲ. ಹೇಳೋಕ್ ಬಂದ್ರೆ ಬಾಗ್ಲು ತೆಗೀಬೇಕು ಅಷ್ಟೆ" ಅಂದ. ತಣ್ಣೀರಿನ ಪೈಪು ಬದಲಾಯಿಸಲು ಬರುತ್ತೀಯಾ ಅಂದೆ. ನನ್ನ ಮುಖ ನೋಡಿದ. "ಆಗತ್ತೆ ಬಿಡಿ."

ಡಿಸೆಂಬರ್ 13, ಸಂಜೆ 5

ಹೆಂಡತಿ ಮಂಗಳವಾರ ಹೊರಗೆ ಹೋಗಿದ್ದಳು. ಇಂದೂ ಹೋದಳು. ತರಕಾರಿ ಅಂದಳು. ಬಂದಾಗ ಚೀಲದಲ್ಲಿ ನಾಲ್ಕು ಟೊಮೇಟೊ. ನಾಲ್ಕು ಟೊಮೇಟೊಗೆ ಎರಡೂವರೆ ಗಂಟೆಯೇ? ಮುಲಾಮಿನ ಡಬ್ಬಿ ಕಪಾಟಿನಲ್ಲಿಲ್ಲ.

ಚಪ್ಪಲಿ ಹಾಕಿಕೊಂಡಿದ್ದೆ ಇವತ್ತು, ಹಿಂದೆ ಹೋಗಲು. ಗೇಟಿನವರೆಗೆ ಹೋದೆ. ವಾಪಸು ಬಂದು ಕುಳಿತೆ. ಎಷ್ಟು ಕಷ್ಟ ಅಂತ ಬರೆಯಲು ಬರುವುದಿಲ್ಲ.

ಡಿಸೆಂಬರ್ 17

ಇಂದೂ ಹೋಗಿ ಬಂದಳು. ಕೇಳಲಿಲ್ಲ. ಟೊಮೇಟೊ ತೊಳೆದು ಇಟ್ಟೆ.

ರಾತ್ರಿ ಊಟಕ್ಕೆ ಕುಳಿತಾಗ ಅವಳೇ ಅಂದಳು. "ಕಾಲು ವಾಸಿಯಾಗಿದೆ. ಯೂನಿಫಾರ್ಮು ಅರ್ಧ ಮುಗಿಸಿದ್ದಾಳೆ."

"ಕೈ?"

"ಬೆಳಿಗ್ಗೆ ಕಾಯಿಸ್ಕೋತಾಳೆ. ಸಣ್ಣ ಪಾತ್ರೇಲಿ." ನನಗೆ ಸಾರು ಬಡಿಸಿ — "ನಾನು ಕೇಳಿದೆ, ಅವರನ್ನೂ ಕರ್ಕೊಂಡು ಬರ್ಲಾ ಅಂತ. 'ಅಣ್ಣ ಬರೋದಾದ್ರೆ ಬರ್ಲಿ. ಬಂದು ಏನನ್ನೂ ನೋಡ್ಬಾರ್ದು. ಸುಮ್ನೆ ಕೂತು ಕಾಫಿ ಕುಡ್ದು ಹೋಗ್ಲಿ' ಅಂದ್ಲು."

ಡಿಸೆಂಬರ್ 21, ಸಂಜೆ 6.10

ಹೋಗಿ ಬಂದೆವು.

ಬಟ್ಟೆ ಅಂಗಡಿಯ ಹಿಂದಿನ ಓಣಿ. ಎರಡು ಸಣ್ಣ ರೂಮು, ಕಿಟಕಿಯ ಕೆಳಗೆ ಮೆಷಿನ್. ನೀಲಿ ಯೂನಿಫಾರ್ಮುಗಳು ಹಗ್ಗದ ಮೇಲೆ ಸಾಲಾಗಿ. ಇದ್ದ ಒಂದೇ ಕುರ್ಚಿ ನನಗೆ ಕೊಟ್ಟು ಅವರಿಬ್ಬರು ಚಾಪೆಯ ಮೇಲೆ ಕುಳಿತರು. ಅವಳು ತೆಳ್ಳಗಾಗಿದ್ದಾಳೆ. ಹಾಗಂತ ಹೇಳಲಿಲ್ಲ, ಅದೂ ನೋಡುವುದೇ ಆದೀತೆಂದು.

ಒಳಗೆ ಬಾತ್‌ರೂಮಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

ತಂಗಿ ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಹೆಂಡತಿಯೂ. ವಾಷರ್ ಸವೆದಿದೆ, ಎರಡು ನಿಮಿಷದ ಕೆಲಸ, ಬಾಯಿ ತುದಿಗೆ ಬಂತು. ಕಾಫಿ ಕುಡಿದೆ. ಚೆನ್ನಾಗಿದೆ ಅಂದೆ. "ಸಕ್ಕರೆ ಸರಿಯಾಗಿದೆಯಾ?" ಅಂದಳು. ಸರಿಯಾಗಿದೆ ಅಂದೆ. ಸಕ್ಕರೆ ಜಾಸ್ತಿಯಿತ್ತು. ಅಮ್ಮನ ವಿಷಯ ಮಾತಾಡಿದೆವು, ಯೂನಿಫಾರ್ಮಿನ ಜೇಬಿನ ವಿಷಯ ಮಾತಾಡಿದೆವು. ನರ್ಸುಗಳಿಗೆ ಎರಡು ಜೇಬು ಸಾಲುವುದಿಲ್ಲವಂತೆ. ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ.

ಹೊರಡುವಾಗ ಬಾಗಿಲವರೆಗೆ ಬಂದಳು. "ಬುಧವಾರ ಬಾ ಅಣ್ಣಾ," ಅಂದಳು. ನನಗೇ ಹೇಳಿದ್ದು, ಅತ್ತಿಗೆಗಲ್ಲ.

ಬುಧವಾರ ಹೋಗುತ್ತೇನೆ. ಅವಳು ಹೇಳಿದ ಹಾಗೇ ನಡೆದುಕೊಂಡೆ. ಕುರ್ಚಿಯಿಂದ ಏಳಲಿಲ್ಲ. ಏನನ್ನೂ ಮುಟ್ಟಲಿಲ್ಲ, ಕೇಳಲಿಲ್ಲ. ಆ ನಲ್ಲಿಯ ಕಡೆ ತಿರುಗಿಯೂ ನೋಡಲಿಲ್ಲ. ಎಣಿಸಲೂ ಇಲ್ಲ. ನಿಮಿಷಕ್ಕೆ ಇಪ್ಪತ್ತೆರಡು ಹನಿ — ಇಲ್ಲ, ಇದನ್ನು ಬರೆಯಬಾರದು.